ಪಿ.ಎ. ಟೂ ಯಾರು?

ಕುರ್ಚಿ ತೋರಿಸಿದರೂ ಸುಮಾ ಕೂರಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ಟೀಪಾಯಿಯ ಮೇಲಿಟ್ಟು ಹಿಂದೆ ಸರಿದು ನಿಂತಳು.

"ಇದ್ಕೆ ಏನಂತ ಉತ್ರ ಬರೀಬೇಕು ಹೇಳಿ ಅಮ್ಮ. ನಮ್ಮನೇರು ಓದಿ ಮಡಚಿ ಇಟ್ಬುಟ್ಟವ್ರೆ. ಮಾತೇ ನಿಂತೋಗದೆ."

ಕೇಳಿಸಿಕೊಂಡವರು ಚಾಮುಂಡೇಶ್ವರಿ. ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಸಾಕ್ಷಿಗಳು ನಿಜ ಹೇಳುವುದನ್ನೂ ಸುಳ್ಳು ಹೇಳುವುದನ್ನೂ ಮೂರು ದಶಕ ಕೂತು ಕೇಳಿದವರು. ಕುಂಬಾರಕೊಪ್ಪಲಿನ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ನನ್ನ ಹೆಸರು ವಾಗೀಶ, ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದವನು. ಸುತ್ತಲಿನ ಜನ ಬಿಡಿಸಲಾಗದ ತಕರಾರುಗಳನ್ನು ಅವರ ಬಳಿ ತರುತ್ತಿದ್ದರು. ಅವರು ಬಿಡಿಸುತ್ತಿದ್ದರು, ನಾನು ಬರೆದಿಡುತ್ತಿದ್ದೆ. ಹಾಗೆ ಬರೆದಿಟ್ಟವುಗಳಲ್ಲಿ ಇದೊಂದರ ಮಾತೆತ್ತಿದರೆ ಅವರು ಈಗಲೂ ಎದ್ದು ಅಡುಗೆಮನೆಗೆ ಹೋಗುತ್ತಾರೆ.

ಹಾಳೆಯನ್ನು ನಾನು ಗಟ್ಟಿಯಾಗಿ ಓದಿದೆ. ವಿಶ್ವವಿದ್ಯಾನಿಲಯವೊಂದರ ಕೆರೆ ಅಧ್ಯಯನ ಕೇಂದ್ರ ತನ್ನ ನೌಕರ ಸಿದ್ದುವಿಗೆ ಕೊಟ್ಟ ಮೆಮೊ ಅದು. "ಸಂಶೋಧನಾ ಪ್ರಸ್ತಾವನೆಯ ಸಿಬ್ಬಂದಿ ವೆಚ್ಚದ ಭಾಗವನ್ನು ತಾವು ಅನಧಿಕೃತವಾಗಿ ತಿದ್ದಿರುವುದಾಗಿ ತಿಳಿದುಬಂದಿದೆ" ಎಂದಿತ್ತು. ಯಾರಿಗೆ ತಿಳಿಯಿತು, ಯಾರಿಂದ ಬಂತು ಎಂಬುದು ಇರಲಿಲ್ಲ. ನನ್ನ ಮೇಜಿಗೆ ಇಂಥ ವಾಕ್ಯ ಬಂದಿದ್ದರೆ ವರದಿಗಾರನಿಗೆ ವಾಪಸ್ ಕಳಿಸುತ್ತಿದ್ದೆ.

ಉಳಿದದ್ದನ್ನು ಸುಮಾ ಹೇಳಿದಳು. ಸಿದ್ದು ಅವಳ ಗಂಡ. ಏಳು ವರ್ಷದಿಂದ ಕೆರೆಗಳ ನೀರಿನ ಮಟ್ಟ ಅಳೆದು, ನೀರಿನ ಮಾದರಿ ತಂದುಕೊಡುವ ಕೆಲಸ. ಸಂಬಳ ವಿಶ್ವವಿದ್ಯಾನಿಲಯದ್ದಲ್ಲ, ದೆಹಲಿಯ ಅನುದಾನ ಸಂಸ್ಥೆಯೊಂದು ಪ್ರಾಜೆಕ್ಟಿಗೆ ಕೊಡುವ ಹಣದಲ್ಲಿ ಬರುವಂಥದ್ದು. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದಕ್ಕೆ ಅರ್ಜಿ ಬರೆಯುತ್ತಾರೆ. ಅದರ ಸಿಬ್ಬಂದಿ ಪಟ್ಟಿಯಲ್ಲಿ ಅವನ ಹುದ್ದೆಯನ್ನು ಸೇರಿಸಿದರೆ ಮನೆಯಲ್ಲಿ ಒಲೆ ಉರಿಯುತ್ತದೆ. ಎರಡು ಪ್ರಾಜೆಕ್ಟುಗಳ ನಡುವಿನ ಖಾಲಿ ತಿಂಗಳುಗಳಲ್ಲೂ ಅವನು ಸಂಬಳವಿಲ್ಲದೆ ಕೆರೆಗೆ ಹೋಗುತ್ತಿದ್ದ. ಅಳತೆ ನಡುವೆ ತಪ್ಪಿದರೆ ಹಿಂದಿನದೆಲ್ಲ ದಂಡ ಎಂದು ಕೇಂದ್ರದ ಪ್ರೊಫೆಸರ್ ಹೇಳಿದ್ದರಂತೆ.

ಹಿಂದಿನ ದಸರಾದಲ್ಲಿ ಕಳಿಸಿದ ಅರ್ಜಿ ಯುಗಾದಿ ಕಳೆದ ಮೇಲೆ ಮಂಜೂರಾಯಿತು. ಸಿದ್ದುವಿನ ಹುದ್ದೆ ಅದರಲ್ಲಿ ಇರಲಿಲ್ಲ. ಯಾರೋ ಕಳಿಸುವ ಮುನ್ನ ಅಳಿಸಿದ್ದರು. ಸಂಬಳ ಹೆಚ್ಚು ಮಾಡಿಕೊಳ್ಳಲು ಹೋಗಿ ಸಿದ್ದುವೇ ಕೆಡಿಸಿದ ಎಂದು ಕೇಂದ್ರದವರ ಆರೋಪ. ವಿಚಾರಣೆ ಮುಗಿಯುವವರೆಗೆ ಅನುಭವ ಪ್ರಮಾಣಪತ್ರ ಕೊಡುವುದಿಲ್ಲ ಎಂದಿದ್ದರು. ಬೇರೊಂದು ಸಂಸ್ಥೆ ಕ್ಷೇತ್ರ ಸಹಾಯಕರ ಖಾಯಂ ಹುದ್ದೆಗೆ ಅರ್ಜಿ ಕರೆದಿತ್ತು. ಅರ್ಜಿಯ ಕೊನೆಯ ದಿನ ಇದೇ ತಿಂಗಳಲ್ಲಿತ್ತು, ಈ ವರ್ಷವೇ ಅವನ ವಯಸ್ಸಿನ ಮಿತಿಯೂ ಕೊನೆ. ಪ್ರಮಾಣಪತ್ರವಿಲ್ಲದೆ ಅರ್ಜಿ ಹಾಕುವಂತಿರಲಿಲ್ಲ.

"ಕೆಲ್ಸ ಓಯ್ತು ಅಂದ್ರೆ ಓಗ್ಲಿ ಕಣಮ್ಮ. ನಾನು ಗಾರ್ಮೆಂಟ್ಸಿಗೆ ಓಯ್ತಿವ್ನಿ, ಎಂಗೋ ಆಯ್ತದೆ. ಕಳ್ಳ ಅಂತ ಬರ್ದು ಕೈಗೆ ಕೊಟ್ಬುಟ್ರಲ್ಲ."

ಚಾಮುಂಡೇಶ್ವರಿ ಮೆಮೊ ಮಡಚಿ ಕೊಟ್ಟರು. "ಉತ್ತರ ಈಗ್ಲೇ ಬರೀಬೇಡ. ಅಳಿಸಿದ್ದು ಯಾರು ಅಂತ ಮೊದ್ಲು ನೋಡೋಣ."

ಕೇಂದ್ರವಿದ್ದದ್ದು ಯಾದವಗಿರಿಯ ಒಂದು ಹಳೆಯ ಬಂಗಲೆಯಲ್ಲಿ. ಅದರ ಮುಖ್ಯಸ್ಥ ಪ್ರೊಫೆಸರ್ ರವಿಚಂದ್ರ ನಮ್ಮನ್ನು ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು. ಚಾಮುಂಡೇಶ್ವರಿಯವರ ಹೆಸರು ಅವರ ಮಾವನಿಗೆ ಗೊತ್ತಿತ್ತು, ಅದು ಕೆಲಸ ಸುಲಭ ಮಾಡಿತು.

ಅನುದಾನ ಸಂಸ್ಥೆಯ ನಿಯಮವನ್ನು ಅವರು ವಿವರಿಸಿದರು. ಸಿಬ್ಬಂದಿಯ ಸಂಬಳ ಒಟ್ಟು ಬಜೆಟ್ಟಿನ ಇಂತಿಷ್ಟು ಭಾಗವನ್ನು ಮೀರಬಾರದು. ಮೀರಿದರೆ ಆನ್‌ಲೈನ್ ಅರ್ಜಿಯಲ್ಲಿ ಕೆಂಪು ಗುರುತು ಬರುತ್ತದೆ, ಅರ್ಜಿ ಕಳಿಸುವ ಗುಂಡಿ ತೆರೆಯುವುದೇ ಇಲ್ಲ. ಕೇಂದ್ರದಲ್ಲಿ ಪ್ರಾಜೆಕ್ಟಿನ ಸಂಬಳ ನಂಬಿದವರು ಇಬ್ಬರು: ಸಿದ್ದು, ಮತ್ತು ಎಂ.ಎಸ್ಸಿ. ಮಾಡಿ ನೀರಿನ ಪರೀಕ್ಷೆ ನಡೆಸುತ್ತಿದ್ದ ಬಿಂದುಶ್ರೀ. ಇಬ್ಬರನ್ನೂ ಸೇರಿಸಿದಾಗ ಕೆಂಪು ಬಂತು. ಯಾರಾದರೊಬ್ಬರನ್ನು ಬಿಡಬೇಕಿತ್ತು. ಅದು ಗೊತ್ತಾದದ್ದು ಆಯುಧಪೂಜೆಯ ಬೆಳಗ್ಗೆ. ಕಳಿಸಲು ಕೊನೆಯ ದಿನ ವಿಜಯದಶಮಿ.

"ಹಬ್ಬದ ದಿವಸ ಒಬ್ಬರಿಗೆ ನೀನು ಹೋಗು ಅನ್ನೋದು ಹೆಂಗೆ ಮೇಡಂ? ನಾಳೆ ನೋಡೋಣ ಅಂದೆ."

"ನಾಳೆ ನೋಡಿದ್ರಾ?"

"ಬೆಳಗ್ಗೆ ಮನೇಲೇ ಲ್ಯಾಪ್‌ಟಾಪ್ ತೆಗೆದೆ. ಹಸಿರಾಗಿತ್ತು. ಒತ್ತಿದೆ."

"ಕೆಂಪು ಇದ್ದದ್ದು ಹಸಿರು ಹೆಂಗಾಯ್ತು?"

ಪ್ರೊಫೆಸರ್ ಕಾಫಿ ಲೋಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. ಅರ್ಜಿ ತುಂಬುತ್ತಿದ್ದ ವಿದ್ಯಾರ್ಥಿನಿ ಸಿಂಚನ ಏನೋ ಸರಿಮಾಡಿರಬೇಕು ಎಂದುಕೊಂಡೆ ಎಂದರು. ಕೇಳಲಿಲ್ಲವೇ ಎಂದಿದ್ದಕ್ಕೆ, ಸಮಯವಿರಲಿಲ್ಲ ಎಂದರು.

ಅನುದಾನ ಸಂಸ್ಥೆಯ ದಾಖಲೆಯ ಪ್ರಕಾರ ಅರ್ಜಿಯನ್ನು ಕೊನೆಯದಾಗಿ ತಿದ್ದಿದ್ದು ಆಯುಧಪೂಜೆಯ ಸಂಜೆ, ಇದೇ ಕೇಂದ್ರದ ಕಂಪ್ಯೂಟರಿನಿಂದ. ಪಾಸ್‌ವರ್ಡಿನ ಚೀಟಿ ಸ್ಕ್ರೀನಿನ ಅಂಚಿಗೇ ಅಂಟಿಸಿತ್ತು. ಕೋಣೆಯ ಕೀಲಿ ನೋಟಿಸ್ ಬೋರ್ಡಿನ ಹಿಂದೆ ತೂಗುತ್ತಿತ್ತು. ಎರಡೂ ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಆ ಕೋಣೆಯ ಯಜಮಾನಿಕೆ ಕಚೇರಿ ಅಧೀಕ್ಷಕ ಮಹದೇವುವಿನದು. ಪ್ರತಿವರ್ಷ ಆಯುಧಪೂಜೆ ಮಾಡುವವರೂ ಅವರೇ. ಮೆಮೊದ ಒಕ್ಕಣೆಯೂ ಅವರದೇ ಎಂದು ಮಾತು ಶುರುವಾದ ಕೂಡಲೇ ತಿಳಿಯಿತು.

"ಪೂಜೆ ಆದ್ಮೇಲೆ ಮಾರನೇ ದಿವ್ಸ ಹೂವು ತೆಗೆದು ಕದಲಿಸೋವರ್ಗೂ ಕಂಪ್ಯೂಟರ್ನ ನಾವ್ಯಾರೂ ಮುಟ್ಟಲ್ಲ ಮೇಡಂ. ವಿದ್ಯೆ ಕೊಡೋ ದೇವ್ರು ಅದು. ಮುಟ್ಟೋನು ಅಂದ್ರೆ ನಮ್ಮ ಪಿ.ಎ. ಒನ್ ಒಬ್ನೇ. ಅವನ ಮನೆಯೋರು ಬೌದ್ಧರು, ಪೂಜೆ-ಗೀಜೆ ನಂಬಲ್ಲ. ಮಂಗಳಾರತಿ ಟೈಮಲ್ಲೂ ಆಚೆ ನಿಂತಿದ್ದ."

"ಪಿ.ಎ. ಒನ್ ಅಂದ್ರೆ?"

"ಸಿದ್ದು. ಪ್ರಾಜೆಕ್ಟಿನೋರು ಇಬ್ರೂ ಪಿ.ಎ.ಗಳೇ. ಮೊದಲು ಬಂದೋನು ಒನ್, ಆಮೇಲೆ ಬಂದ ಬಿಂದುಶ್ರೀ ಟೂ. ಟೀ ಹೇಳೋದೂ ಹಂಗೇ: ಒನ್‌ಗೆ ಸಕ್ಕರೆ ಜಾಸ್ತಿ, ಟೂಗೆ ಸಕ್ಕರೆ ಇಲ್ಲ."

ಇನ್ನೊಂದು ಸಾಕ್ಷಿಯೆಂದರೆ ಕಾವಲುಗಾರ ಬೀರಯ್ಯ. ಆ ದಿನ ಮುಸ್ಸಂಜೆಯಲ್ಲಿ ಸಿದ್ದು ಸೈಕಲ್ ತಳ್ಳಿಕೊಂಡು ಗೇಟು ದಾಟಿದ್ದನ್ನು ಅವನು ನೋಡಿದ್ದ. ಪೂಜೆಗೆ ಬಂದಿದ್ದವರು ಯಾರು ಯಾವಾಗ ಹೋದರೆಂಬುದು ಅವನಿಗೆ ನೆನಪಿರಲಿಲ್ಲ.

"ಇಷ್ಟೇನಾ?" ಎಂದರು ಚಾಮುಂಡೇಶ್ವರಿ.

"ಇಷ್ಟು ಸಾಲ್ದಾ ಮೇಡಂ?"

ಅವರು ಪೂಜೆಯ ಫೋಟೊ ತೆಗೆದಿರಬೇಕಲ್ಲ ಎಂದು ಕೇಳಿದರು. ಮಹದೇವು ಖುಷಿಯಿಂದ ಫೋನು ತೆಗೆದರು. ಎರಡು ಚಿತ್ರಗಳಿದ್ದವು. ಒಂದು ಪೂಜೆ ಮುಗಿದ ತಕ್ಷಣದ್ದು. ಕೀಬೋರ್ಡಿನ ನಾಲ್ಕು ಮೂಲೆಗೆ ನಾಲ್ಕು ಸೇವಂತಿಗೆ, ಮೌಸಿನ ಮೇಲೊಂದು. ಹಿಂದೆ ಆರತಿ ತಟ್ಟೆ ಹಿಡಿದ ಮಹದೇವು, ರೇಷ್ಮೆ ಅಂಗಿಯ ಪ್ರೊಫೆಸರ್, ಹಬ್ಬದ ಸೀರೆಯುಟ್ಟು ಬಿಳಿ ಹೂ ಮುಡಿದ ಬಿಂದುಶ್ರೀ, ಕಿವಿಯವರೆಗೆ ಕೂದಲು ಕತ್ತರಿಸಿಕೊಂಡು ಎರಡು ಬೆರಳು ತೋರಿಸುತ್ತಿದ್ದ ಸಿಂಚನ. ಬಾಗಿಲಾಚೆ ಸಿದ್ದುವಿನ ಒಂದು ಭುಜ. ಎರಡನೆಯದು ವಿಜಯದಶಮಿಯ ಬೆಳಗ್ಗೆ, ಕದಲಿಸುವ ಮುನ್ನ ತೆಗೆದದ್ದು. ಅದರಲ್ಲಿ ಸೇವಂತಿಗೆಗಳು ಕೀಬೋರ್ಡಿನ ನಡುವೆ ಸಾಲಾಗಿದ್ದವು. ಮೌಸಿನ ಮೇಲೆ ಸೇವಂತಿಗೆಯ ಪಕ್ಕ ಬಿಳಿಯದೊಂದು ತುಣುಕು ಮಾಲೆ.

ಚಾಮುಂಡೇಶ್ವರಿ ಆ ಬಿಳಿ ಹೂವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. "ಪೂಜೆಗೆ ಕಾಕಡನೂ ತಂದಿದ್ರಾ?"

"ಎಲ್ಲಿ ಮೇಡಂ. ಆಯುಧಪೂಜೆ ದಿವ್ಸ ಮಾರ್ಕೆಟ್ಟಲ್ಲಿ ಕಾಕಡದ ರೇಟ್ ಕೇಳಿದ್ರೆ ಚಾಮುಂಡಿನೇ ಬೆಟ್ಟ ಇಳಿದು ಓಡೋಗ್ಬೇಕು." ಎದುರಿಗೆ ಕೂತವರ ಹೆಸರು ಆಮೇಲೆ ನೆನಪಾಗಿ ಮಹದೇವು ನಾಲಿಗೆ ಕಚ್ಚಿಕೊಂಡರು. "ಸೇವಂತಿಗೆ, ಚೆಂಡುಹೂವು, ಅಷ್ಟೇ ತಂದಿದ್ದು."

ಅಲ್ಲಿಂದ ನಾವು ಸಿದ್ದು ಅಳತೆ ಮಾಡುವ ಕೆರೆಗೆ ಹೋದೆವು. ಮೆಮೊ ಬಂದ ಮೇಲೂ ಸಿದ್ದು ಅಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ತೂಬಿನ ಪಕ್ಕದ ಕಲ್ಲಿಗೆ ಬಣ್ಣದಲ್ಲಿ ಬರೆದ ಅಳತೆಯ ಗೆರೆಗಳನ್ನು ಬಗ್ಗಿ ನೋಡುತ್ತಿದ್ದ. ನಲವತ್ತು ಸಮೀಪಿಸಿದ, ತೆಳ್ಳಗಿನ ಮನುಷ್ಯ. ಆಯುಧಪೂಜೆಯ ಸಂಜೆ ಕೇಂದ್ರಕ್ಕೆ ಹೋದದ್ದು ಹೌದು ಎಂದ. ನೀರಿನ ಬಾಟಲಿಗಳನ್ನು ಫ್ರಿಜ್ಜಿನಲ್ಲಿಡಬೇಕಿತ್ತು, ರಜೆಯೆಂದು ನೀರು ಕಾಯುವುದಿಲ್ಲ. ಫ್ರಿಜ್ಜು ಹಿತ್ತಲ ಕೋಣೆಯಲ್ಲಿತ್ತು. ಕಂಪ್ಯೂಟರಿನ ಕೋಣೆಯಲ್ಲಿ ದೀಪ ಉರಿಯುತ್ತಿದ್ದುದನ್ನು ಕಂಡಿದ್ದ. ಮಹದೇವು ಇರಬಹುದೆಂದುಕೊಂಡು ಹೊರಟುಹೋಗಿದ್ದ.

"ಇದನ್ನ ಯಾಕಪ್ಪ ಯಾರಿಗೂ ಹೇಳಿಲ್ಲ?" ಎಂದು ಕೇಳಿದೆ.

"ಕೇಳಿದ್ರೆ ಹೇಳ್ತಿದ್ದೆ ಸಾರ್. ಮೆಮೊ ಕೊಟ್ರು. ಕೇಳ್ನಿಲ್ಲ."

ಮಾರನೆಯ ದಿನ ಸಿಂಚನಳನ್ನು ಗೋಕುಲಂನಲ್ಲಿ ಕಂಡೆವು. ಯೋಗ ಕಲಿಯಲು ಬಂದ ವಿದೇಶಿಯರಿಗೆ ಕೆಳಗಿನ ಮನೆ ಬಾಡಿಗೆಗೆ ಕೊಟ್ಟು, ತಾರಸಿಯ ಮೇಲೆ ಎರಡು ಶೀಟಿನ ಕೋಣೆ ಹಾಕಿಸಿದ್ದ ಮನೆ. ಒಂದು ಕೋಣೆ ಸಿಂಚನಳದು, ಇನ್ನೊಂದು ಬಿಂದುಶ್ರೀಯದು. ಸಿಂಚನ ಬೇರೆ ಶಿಷ್ಯವೇತನದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು, ಪ್ರಾಜೆಕ್ಟಿನ ಸಂಬಳಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ಆ ದಿನ ಪೂಜೆ ಮುಗಿದೊಡನೆ ಮಹದೇವುವೇ ಅವಳನ್ನು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟು, ಹುಣಸೂರಿನ ಬಸ್ಸು ಹತ್ತಿಸಿದ್ದರು.

ಅರ್ಜಿಯಲ್ಲಿ ಯಾರ ಹೆಸರನ್ನೂ ಬರೆಯುವಂತಿಲ್ಲ, ಹುದ್ದೆಯ ಸಂಕೇತ ಮಾತ್ರ ಎಂದು ಅವಳು ಹೇಳಿದಳು. ಹುದ್ದೆ ಸೇರಿಸುವ, ಅಳಿಸುವ ಪುಟದಲ್ಲಿ ಕಾಣುವುದು ಸಂಕೇತ ಮತ್ತು ತಿಂಗಳುಗಳು. ಸಂಬಳದ ಅಂಕಿಯನ್ನು ಸಂಸ್ಥೆಯ ಲೆಕ್ಕವೇ ಮುಂದಿನ ಪುಟದಲ್ಲಿ ತುಂಬಿಕೊಳ್ಳುತ್ತದೆ.

"ಸಂಕೇತ ಅಂದ್ರೆ ಪಿ.ಎ. ಒನ್, ಪಿ.ಎ. ಟೂ. ಹೌದೇನಮ್ಮ?"

"ಹೂಂ ಮೇಡಂ. ಒನ್ ಅಂದ್ರೆ ಪ್ರಾಜೆಕ್ಟ್ ಅಸೋಸಿಯೇಟ್, ಎಂ.ಎಸ್ಸಿ. ಆಗಿರ್ಬೇಕು. ಟೂ ಅಂದ್ರೆ ಪ್ರಾಜೆಕ್ಟ್ ಅಸಿಸ್ಟೆಂಟ್." ಸಿಂಚನ ನಕ್ಕಳು. "ಆಫೀಸಲ್ಲಿ ಇದು ಉಲ್ಟಾ. ನಾನು ಬಂದ ಹೊಸದ್ರಲ್ಲಿ ಟೀ ಕೂಡ ಅದಲು ಬದಲು ಕೊಡ್ತಿದ್ದೆ."

"ಅರ್ಜೀಲಿ ಉಲ್ಟಾ ಇದೆ ಅಂತ ಅವರಿಗೆ ಹೇಳಿದ್ಯಾ?"

"ಗೊತ್ತಿರತ್ತೆ ಅಂದ್ಕೊಂಡೆ. ಇಷ್ಟು ವರ್ಷದಿಂದ ಇದಾರಲ್ವಾ."

ಹೊರಡುವಾಗ ಚಾಮುಂಡೇಶ್ವರಿ ಪಕ್ಕದ ಕೋಣೆಯ ಬೀಗ ನೋಡಿ, ಬಿಂದುಶ್ರೀ ಒಳ್ಳೆಯ ನೆರೆಯವಳೇ ಎಂದು ಸುಮ್ಮನೆ ಕೇಳಿದರು. ತುಂಬಾ ಒಳ್ಳೆಯವರು ಎಂದಳು ಸಿಂಚನ. ದಸರಾ ಮುಗಿದ ವಾರ ತಮ್ಮ ಕುಕ್ಕರನ್ನೇ ಕೊಟ್ಟುಬಿಟ್ಟಿದ್ದರಂತೆ.

"ಆಮೇಲೆ ಯುಗಾದಿ ಆದ್ಮೇಲೆ ಬಂದು ಬಾಗಿಲಲ್ಲೇ ನಿಂತ್ಕೊಂಡು, ಸಿಂಚು, ಕುಕ್ಕರ್ ಬೇಕಿತ್ತಲ್ಲ ಅಂದ್ರು. ಕೊಟ್ಟ ಕುಕ್ಕರ್ ವಾಪಸ್ ಕೇಳಿಸ್ಕೊಂಡೋಳು ಮೈಸೂರಲ್ಲಿ ನಾನೊಬ್ಳೇ ಇರ್ಬೇಕು ಮೇಡಂ."

ಚಾಮುಂಡೇಶ್ವರಿ ನಗಲಿಲ್ಲ. ಆಟೊದಲ್ಲಿ ಮನೆಗೆ ಬಂದೆವು. ಗೇಟು ತೆಗೆಯುತ್ತ, "ವಾಗೀಶ್, ಇದು ಕಳ್ಳತನ ಆಗಿದ್ರೆ ಎಷ್ಟೋ ಚೆನ್ನಾಗಿತ್ತು ಕಣ್ರೀ" ಎಂದರು.

ಸೋಮವಾರ ಎಲ್ಲರೂ ಕಂಪ್ಯೂಟರಿನ ಕೋಣೆಯಲ್ಲಿ ಸೇರಿದರು. ಪ್ರೊಫೆಸರ್ ಮೇಜಿನ ಹಿಂದೆ, ಮಹದೇವು ಕಿಟಕಿಗೆ ಒರಗಿ. ಬಿಂದುಶ್ರೀ ಮತ್ತು ಸಿಂಚನ ಒಂದೇ ಬೆಂಚಿನ ಮೇಲೆ. ಸಿದ್ದು ಅಭ್ಯಾಸದಂತೆ ಬಾಗಿಲ ಹತ್ತಿರ ಕೂತಿದ್ದ. ಅರ್ಧ ದಿನ ರಜೆ ಹಾಕಿ ಬಂದಿದ್ದ ಸುಮಾ ಅವನ ಹಿಂದೆ ನಿಂತಳು.

ಚಾಮುಂಡೇಶ್ವರಿ ಮಹದೇವುವಿನ ಫೋನನ್ನು ಮೇಜಿನ ಮೇಲಿಟ್ಟು, ಎರಡು ಚಿತ್ರಗಳನ್ನೂ ಎಲ್ಲರಿಗೂ ತೋರಿಸಿದರು. ಪೂಜೆ ಮುಗಿದ ಮೇಲೆ ಯಾರೋ ಹೂವೆತ್ತಿಟ್ಟು ಕಂಪ್ಯೂಟರ್ ಬಳಸಿ, ಮತ್ತೆ ಹೂವಿಟ್ಟು ಹೋಗಿದ್ದಾರೆ ಎಂಬಲ್ಲಿಗೆ ಎಲ್ಲರೂ ಒಪ್ಪಿದರು.

"ಮಹದೇವು, ನಂಬಿಕೆ ಇಲ್ದೋನು ಮುಟ್ದ ಅಂದ್ರಿ. ಸರಿ, ಹಂಗೇ ಇಟ್ಕೊಳ್ಳೋಣ. ನಂಬಿಕೆ ಇಲ್ದೋನು ಹೂವು ತಳ್ಳಿ ಕೆಲಸ ಮುಗಿಸ್ತಾನೆ. ಗೊತ್ತಾಗಬಾರ್ದು ಅಂದ್ರೆ ಇದ್ದ ಹಂಗೇ ಇಡ್ತಾನೆ. ತನ್ನದೊಂದು ಹೂವ ತಂದು ಯಾಕೆ ಸೇರಿಸ್ತಾನೆ?" ಅವರು ಬಿಳಿ ತುಣುಕಿನ ಮೇಲೆ ಬೆರಳಿಟ್ಟರು. "ಇದು ಗುರುತು ಮುಚ್ಚೋಕೆ ಇಟ್ಟಿದ್ದಲ್ಲ. ಪೂಜೆ ಮಾಡಿದ್ದನ್ನ ಮುಟ್ಟಿಬಿಟ್ಟೆ, ತಪ್ಪಾಯ್ತು ಅಂತ ಕೈಮುಗಿದು ಇಟ್ಟಿದ್ದು. ಸಿದ್ದು ಆವತ್ತು ಮಂಗಳಾರತಿಗೂ ಬಾಗಿಲಿಂದ ಈಚೆಗೆ ಬಂದಿಲ್ಲ."

ಪೂಜೆಗೆ ಕಾಕಡ ತಂದಿರಲಿಲ್ಲ ಎಂದು ಮಹದೇವುವೇ ಹೇಳಿದ್ದರು. ಆ ದಿನ ಕೇಂದ್ರದಲ್ಲಿ ಇದ್ದ ಕಾಕಡವೆಂದರೆ ಒಬ್ಬರ ಮುಡಿಯಲ್ಲಿದ್ದದ್ದು ಮಾತ್ರ. ಸಿಂಚನಳ ಕೂದಲಲ್ಲಿ ಹೂ ನಿಲ್ಲುವಂತಿರಲಿಲ್ಲ. ಆ ಹೊತ್ತಿಗೆ ಅವಳು ಬಸ್ಸಿನಲ್ಲಿದ್ದಳು.

ಎಲ್ಲರೂ ಬಿಂದುಶ್ರೀಯನ್ನು ನೋಡಿದರು. ಅವಳು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಇವರಾ?" ಎಂದರು ಮಹದೇವು. "ತಮ್ಮ ಕೆಲಸ ಉಳಿಸ್ಕೊಳ್ಳೋಕೆ ಅವನ ಹೊಟ್ಟೆ ಮೇಲೆ..."

"ತಡೀರಿ. ನಾನೂ ಒಂದು ದಿವಸ ಹಂಗೇ ಅಂದ್ಕೊಂಡೆ. ಆದ್ರೆ ತನ್ನ ಕೆಲಸ ಉಳಿಸ್ಕೊಂಡೋರು ಅದಾದ ವಾರಕ್ಕೆ ಅನ್ನ ಮಾಡೋ ಕುಕ್ಕರ್ ದಾನ ಕೊಡಲ್ಲ ಕಣ್ರೀ. ಊ‌ರು ಬಿಡೋರು ಕೊಡ್ತಾರೆ." ಅವರು ಪ್ರೊಫೆಸರ್ ಕಡೆ ತಿರುಗಿದರು. "ಸರ್, ನಿಮ್ಮಲ್ಲಿ ಪಿ.ಎ. ಟೂ ಯಾರು?"

"ಬಿಂದುಶ್ರೀ."

"ಸಿಂಚನ, ಅರ್ಜೀಲಿ?"

"ಸಿದ್ದು ಸರ್ ಇದ್ದ ಹುದ್ದೆ." ಹೇಳಿ ಮುಗಿಸುವಷ್ಟರಲ್ಲಿ ಸಿಂಚನಳ ಕೈ ಬಾಯಿಗೆ ಹೋಯಿತು.

ಚಾಮುಂಡೇಶ್ವರಿ ಉಳಿದದ್ದನ್ನು ನಿಧಾನವಾಗಿ ಹೇಳಿದರು. ಅಳಿಸಿದವರ ಕಣ್ಣಿಗೆ ಕಂಡದ್ದು ಹೆಸರಲ್ಲ, ಸಂಬಳವೂ ಅಲ್ಲ. ಎರಡು ಸಂಕೇತ ಮಾತ್ರ. ಸಿದ್ದುವನ್ನು ತೆಗೆಯಬೇಕೆಂದಿದ್ದರೆ ಈ ಕೇಂದ್ರದವರು ಅಳಿಸಬೇಕಾಗಿದ್ದದ್ದು ಒನ್. ಅಳಿಸಿದ್ದು ಟೂ. ಅಂದರೆ ಅವರು ತೆಗೆಯಲು ಹೊರಟದ್ದು ಬಿಂದುಶ್ರೀಯನ್ನು. ಪ್ರೊಫೆಸರಿಗೆ ಬೇಕಿದ್ದರೆ ಹಗಲಲ್ಲೇ, ತಮ್ಮ ಅಧಿಕಾರದಲ್ಲೇ ಮಾಡಬಹುದಿತ್ತು. ಮಹದೇವು ತಾವೇ ಪೂಜಿಸಿದ್ದನ್ನು ಮುಟ್ಟುವವರಲ್ಲ. ಸಿಂಚನಳಿಗೆ ಸಂಕೇತದ ಸರಿಯಾದ ಅರ್ಥ ಗೊತ್ತಿತ್ತು. ಹೂವು ಬಿಂದುಶ್ರೀಯದು. ಬಿಂದುಶ್ರೀಯನ್ನು ಪಟ್ಟಿಯಿಂದ ತೆಗೆಯಲು ಬಂದವಳು ಬಿಂದುಶ್ರೀಯೇ.

"ನನ್ನನ್ನೇ ಅಳಿಸ್ದೆ ಅಂದ್ಕೊಂಡಿದ್ದೆ ಮೇಡಂ," ಎಂದಳು ಬಿಂದುಶ್ರೀ. ದನಿ ಎತ್ತರಿಸಲಿಲ್ಲ, ಅಳಲೂ ಇಲ್ಲ. "ಸಿದ್ದು ಅವರಿಗೆ ಮಗು ಇದೆ. ನಂಗೆ ಹೈದರಾಬಾದಲ್ಲಿ ಒಂದು ಪ್ರಾಜೆಕ್ಟಿಗೆ ಬನ್ನಿ ಅಂದಿದ್ರು. ಹೇಳಿದ್ರೆ ಸಿದ್ದು ಬೇಡ ಅಂತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಟೂ ಅಳಿಸ್ದೆ, ಹಸಿರಾಯ್ತು. ದೀಪಾಲಂಕಾರ ನೋಡ್ಕೊಂಡು ನಡ್ಕೊಂಡೇ ಮನೆಗೆ ಹೋದೆ. ಅಷ್ಟು ಹಗುರಾಗಿ ನಾನು ಯಾವತ್ತೂ ನಡೆದಿಲ್ಲ."

ಹೈದರಾಬಾದಿನ ಪ್ರಾಜೆಕ್ಟಿಗೆ ಹಣ ಬರಲಿಲ್ಲ. ಫೆಬ್ರವರಿಯಲ್ಲಿ ಅವರು ಕ್ಷಮೆ ಕೇಳಿ ಪತ್ರ ಬರೆದರು. ಅವಳು ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಇಲ್ಲಿಯ ಮಂಜೂರಾತಿ ಬಂತು. ಉಳಿದಿದ್ದ ಒಂದೇ ಹುದ್ದೆ ಎಂ.ಎಸ್ಸಿ. ಆದವರದ್ದಾಗಿತ್ತು.

"ಆವಾಗ ಗೊತ್ತಾಯ್ತು. ನಾಳೆ ಹೇಳೋಣ ಅಂದ್ಕೊಂಡೆ. ಮಾರನೇ ದಿವಸಾನೂ ಹಂಗೇ ಅಂದ್ಕೊಂಡೆ. ಆಮೇಲೆ ಮೆಮೊ ಬಂತು."

"ಅಳಿಸಿದ್ದಕ್ಕೆ ನಿನ್ನ ಯಾರೂ ಬೈಯೋ ಹಾಗಿಲ್ಲಮ್ಮ," ಎಂದರು ಚಾಮುಂಡೇಶ್ವರಿ. "ಮೆಮೊ ಬಂದ ದಿವಸ ಸುಮ್ಮನೆ ಕೂತ್ಯಲ್ಲ, ಅದು ಮಾತ್ರ ನಿನ್ನದು." ಆಮೇಲೆ ಪ್ರೊಫೆಸರನ್ನು ನೋಡಿದರು. "ಹಸಿರು ಹೆಂಗಾಯ್ತು ಅಂತ ಆವತ್ತು ಒಂದು ಮಾತು ಕೇಳಿದ್ರೆ ಸಾಕಿತ್ತು ಸರ್. ಯಾರನ್ನೋ ಬಿಟ್ಟಾಗಿದೆ, ನಾನು ಬಿಡಲಿಲ್ಲವಲ್ಲ ಅಂತ ಒತ್ತಿಬಿಟ್ರಿ."

ರವಿಚಂದ್ರ ಕನ್ನಡಕ ತೆಗೆದು ಒರೆಸತೊಡಗಿದರು.

ಬಿಂದುಶ್ರೀ ಎದ್ದು ನಿಂತು, ನಾನು ರಾಜೀನಾಮೆ ಕೊಡುತ್ತೇನೆ, ಆ ಜಾಗಕ್ಕೆ ಸಿದ್ದು ಅವರನ್ನು ತೆಗೆದುಕೊಳ್ಳಿ ಎಂದಳು. ಉತ್ತರ ಕೊಟ್ಟವರು ಮಹದೇವು; ಆ ಹೊತ್ತಿಗೆ ಅವರ ದನಿ ಇಳಿದಿತ್ತು. ಅದು ಎಂ.ಎಸ್ಸಿ. ಹುದ್ದೆ, ಸಿದ್ದು ಪಿಯುಸಿ. ಮಂಜೂರಾದ ಮೇಲೆ ಹುದ್ದೆ ಬದಲಿಸುವಂತಿಲ್ಲ. ಬೇರೆ ಬಾಬತ್ತಿನ ಹಣವನ್ನು ಸಂಬಳಕ್ಕೆ ತರುವಂತಿಲ್ಲ. ಅವಳು ಬಿಟ್ಟರೆ ಹುದ್ದೆ ಖಾಲಿ ಬೀಳುತ್ತದೆ, ಸಿದ್ದುವಿಗೆ ಬರುವುದಿಲ್ಲ.

ಸುಮಾ ಬಾಗಿಲಿಂದ ಬಿಂದುಶ್ರೀಯನ್ನು ತುಂಬ ಹೊತ್ತು ನೋಡಿದಳು. "ನೀನಾರೂ ಉಣ್ಣವ್ವ," ಎಂದಳು. ಅದರಲ್ಲಿ ಕರುಣೆ ಇತ್ತೋ, ಶಾಪ ಇತ್ತೋ ನನಗೆ ತಿಳಿಯಲಿಲ್ಲ.

ಅದೇ ವಾರ ಮೆಮೊ ವಾಪಸಾಯಿತು. "ಸದರಿ ಲೋಪವು ತಪ್ಪು ತಿಳಿವಳಿಕೆಯಿಂದ ಆಗಿರುವುದಾಗಿ ತಿಳಿದುಬಂದಿದೆ" ಎಂಬ ಒಂದು ಸಾಲಿನ ಪತ್ರ ಬಂತು. ಈ ಸಲವೂ ತಿಳಿದದ್ದು ಯಾರಿಗೆಂದು ಬರೆದಿರಲಿಲ್ಲ. ಅನುಭವ ಪ್ರಮಾಣಪತ್ರಕ್ಕೆ ಪ್ರೊಫೆಸರ್ ಸಹಿ ಹಾಕಿದರು. ಸಿದ್ದು ಅವಧಿಯೊಳಗೇ ಖಾಯಂ ಹುದ್ದೆಗೆ ಅರ್ಜಿ ಹಾಕಿದ. ಹುದ್ದೆ ಬದಲಿಸಿಕೊಡಿ ಎಂದು ಕೇಂದ್ರದವರು ದೆಹಲಿಗೆ ಬರೆದ ಕಾಗದಕ್ಕೆ, ಅವಕಾಶವಿಲ್ಲ ಎಂಬ ಉತ್ತರ ಬಂತು.

ಬಿಂದುಶ್ರೀ ರಾಜೀನಾಮೆ ಕೊಟ್ಟಳು. ಬೇಡವೆಂದು ಚಾಮುಂಡೇಶ್ವರಿಯವರೇ ಅವಳ ಕೋಣೆಗೆ ಹೋಗಿ ಹೇಳಿದ್ದರು, ಕೇಳಲಿಲ್ಲ. ಕುಕ್ಕರು ಮತ್ತೆ ಸಿಂಚನಳ ಕೋಣೆ ಸೇರಿತು. ಆ ಹುದ್ದೆಗೆ ಎರಡು ಸಲ ಜಾಹೀರಾತು ಕೊಟ್ಟರೂ ಯಾರೂ ಬರಲಿಲ್ಲ. ಖರ್ಚಾಗದ ಸಂಬಳದ ಹಣ ವರ್ಷದ ಕೊನೆಗೆ ದೆಹಲಿಗೆ ವಾಪಸ್ ಹೋಗುತ್ತದೆ ಎಂದು ಮಹದೇವು ಹೇಳಿದರು. ಕೆರೆಯ ಅಳತೆ ಜೂನಿನಿಂದ ನಿಂತಿದೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಸಿದ್ದು ಒಬ್ಬನೇ ಕುಂಬಾರಕೊಪ್ಪಲಿಗೆ ಬಂದ. ಈಗ ಮೇಟಗಳ್ಳಿಯ ಗೋದಾಮೊಂದರಲ್ಲಿ ಮೂಟೆ ಎಣಿಸುವ ಕೆಲಸ ಎಂದ. ಖಾಯಂ ಹುದ್ದೆಯ ಅರ್ಜಿ ತಿರಸ್ಕಾರವಾಗಿತ್ತು. ಬೇಕಿದ್ದದ್ದು ಐದು ವರ್ಷದ ನಿರಂತರ ಅನುಭವ. ಪ್ರಮಾಣಪತ್ರದಲ್ಲಿದ್ದದ್ದು ಮೂರು ಪ್ರಾಜೆಕ್ಟುಗಳ ಮೂರು ತುಂಡು. ನಡುವೆ ಸಂಬಳವಿಲ್ಲದೆ ಕೆರೆಗೆ ನಡೆದ ತಿಂಗಳುಗಳಿಗೆ ಯಾವ ದಾಖಲೆಯೂ ಇರಲಿಲ್ಲ.

ಚಾಮುಂಡೇಶ್ವರಿ ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಂಡು, ಮೇಲ್ಮನವಿಗೆ ಏನಾದರೂ ದಾರಿಯಿದೆಯೇ ಎಂದು ಎರಡು ಸಲ ಓದಿದರು. ಸಿದ್ದು ಬಗ್ಗಿ, ಹುದ್ದೆಯ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟ.

"ಏಳು ವರ್ಸ ಒನ್ ಅಂತ ಕೂಗೋರು ಮೇಡಂ. ಇದ್ರಲ್ಲಿ ಟೂ ಅಂತ ಬರ್ದವ್ರೆ."

"ಅದು ದೆಹಲಿಯೋರ ಲೆಕ್ಕ ಕಣಪ್ಪ. ತಿದ್ದಿಸಿಕೊಡ್ತೀನಿ ಬೇಕಾದ್ರೆ."

"ಬ್ಯಾಡ ಬುಡಿ," ಎಂದ ಸಿದ್ದು. ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು, ಹಳೆಯ ಮಡಿಕೆಯಲ್ಲೇ ಮಡಚಿ ಕವರಿಗೆ ಸೇರಿಸಿದ. "ಸರಿಯಾಗೇ ಬರ್ದವ್ರೆ."